ಬೆರಳುದ್ದ ಬೊಂಡಾಸ್, ಗೇಣುದ್ದ ಬೊಂಡಾಸ್: ತಳಿ ಬೇರೆಯೋ, ನೀರು ಬೇರೆಯೋ?

ಶಿಡ್ಲಘಟ್ಟದ ನಮ್ಮ ಬೀದಿಯ ಕೊನೆಗೆ ಭಾನುವಾರ ಬೆಳಿಗ್ಗೆ ಮೀನಿನ ಗಾಡಿ ಬರುತ್ತದೆ. ಮೊದಲೆಲ್ಲ ಕೆರೆಯ ಕಾಟ್ಲಾ, ರೋಹು, ಒಂದಿಷ್ಟು ಬಂಗುಡೆ, ಅಷ್ಟೇ. ಈಗ ಥರ್ಮೋಕೋಲ್ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಐಸಿನ ಮೇಲೆ ಬೊಂಡಾಸ್, ಅಂದರೆ ಸ್ಕ್ವಿಡ್ ಕೂಡ ಇರುತ್ತದೆ. ಮಂಗಳೂರು, ಮಲ್ಪೆ ಕಡೆಯಿಂದ ಒಂದು ವಾರ, ಚೆನ್ನೈ ಕಡೆಯಿಂದ ಇನ್ನೊಂದು ವಾರ. ಬೆಂಗಳೂರಿನ ಹೋಟೆಲಿನಲ್ಲಿ ಉಂಗುರ ಉಂಗುರವಾಗಿ ಹುರಿದದ್ದನ್ನು ತಿಂದು ಬಂದ ಮಕ್ಕಳು ಮನೆಯಲ್ಲೂ ಬೇಕು ಅನ್ನುತ್ತಾರೆ. ಹಾಗಾಗಿ ಕಡಲೇ ಕಾಣದ ನಮ್ಮೂರಲ್ಲೂ ಇದಕ್ಕೆ ಗಿರಾಕಿ ಹುಟ್ಟಿಕೊಂಡಿದ್ದಾರೆ.

ಒಂದು ತಿಂಗಳ ಹಿಂದೆ ಒಂದು ಕಿಲೋಗೆ ಮೂವತ್ತು ಬಂದಿದ್ದವು, ಬೆರಳುದ್ದದವು. ಮೊನ್ನೆ ಅದೇ ಒಂದು ಕಿಲೋಗೆ ಐದೇ ಐದು, ಒಂದೊಂದೂ ಗೇಣುದ್ದ. ರೇಟೂ ಬೇರೆ. "ಇದು ಹೈಬ್ರಿಡ್ಡಾ?" ಎಂದು ಒಬ್ಬರು ಕೇಳಿದರು. "ಎಲ್ಲಾ ಒಂದೇ ಸ್ವಾಮಿ" ಅಂದ ಮಾರುವವನು. ಪಕ್ಕದಲ್ಲಿ ನಿಂತಿದ್ದ ನಮ್ಮ ಬೀದಿಯ ಹಿರಿಯರೊಬ್ಬರು ರೇಷ್ಮೆ ಸಾಕಿ ಕೂದಲು ನೆರೆಸಿಕೊಂಡವರು. ಅವರು ಕೇಳಿದ್ದು ಒಂದೇ ಮಾತು: "ತಳಿ ಬೇರೇನಾ, ಇಲ್ಲ ಸೊಪ್ಪು ಬೇರೇನಾ?"

ಬೊಂಡಾಸ್ ಮತ್ತು ಆಕ್ಟೋಪಸ್ ಮೇಲೆ ಕೆಲಸ ಮಾಡುವ ವಿಜ್ಞಾನಿಗಳು ದಶಕಗಳಿಂದ ಕೇಳುತ್ತಿರುವುದೂ ಇದೇ ಪ್ರಶ್ನೆ. ರೇಷ್ಮೆ ಹುಳುವಿಗೆ ಸೊಪ್ಪು ಹೇಗೋ, ಬೊಂಡಾಸಿಗೆ ನೀರು ಹಾಗೆ. ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಕಡಲಲ್ಲಿ ಎಷ್ಟು ಹಿಡಿಯಬಹುದು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಗೊತ್ತಾಗುತ್ತದೆ. ತಪ್ಪು ಉತ್ತರ ಹಿಡಿದುಕೊಂಡರೆ ಒಂದು ಊರಿನ ಬೊಂಡಾಸ್ ಪೂರ್ತಿ ಖಾಲಿಯಾದರೂ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು, ಇದು ಯಾವ ಪ್ರಾಣಿ?

ಮೀನಿನ ಗಾಡಿಯಲ್ಲಿ ಬಂದರೂ ಬೊಂಡಾಸ್ ಮೀನಲ್ಲ. ಬಸವನಹುಳು, ಕಪ್ಪೆಚಿಪ್ಪಿನ ಪ್ರಾಣಿ ಇವುಗಳ ಕುಲದ್ದು. ಮೃದ್ವಂಗಿ ಅಂತ ಶಾಲೆಯಲ್ಲಿ ಓದಿರುತ್ತೀರಿ. ಈ ಕುಲದಲ್ಲಿ ಕೆಲವು ಪ್ರಾಣಿಗಳು ಹೊರಗಿನ ಚಿಪ್ಪನ್ನು ಬಿಟ್ಟು, ವೇಗವಾಗಿ ಈಜುವ ಬೇಟೆಗಾರರಾದವು. ಬೊಂಡಾಸ್ ಎಂದರೆ ಸ್ಕ್ವಿಡ್. ಅದರ ಹತ್ತಿರದ ನೆಂಟ ಕಟ್ಲ್‌ಫಿಶ್, ಕರಾವಳಿಯಲ್ಲಿ ಕಪ್ಪೆ ಬೊಂಡಾಸ್ ಅನ್ನುತ್ತಾರೆ. ಮೂರನೆಯದು ಎಂಟು ಕೈಯ ಆಕ್ಟೋಪಸ್. ಪ್ರಪಂಚದಲ್ಲಿ ಈ ಗುಂಪಿನ ಸುಮಾರು 800 ಜಾತಿಗಳಿವೆ. ಎಲ್ಲಕ್ಕೂ ಮೂರು ಹೃದಯ. ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ ಇರುವುದರಿಂದ ರಕ್ತದ ಬಣ್ಣ ನೀಲಿ.

ಮನೆಯಲ್ಲಿ ಒಂದನ್ನು ಬಿಡಿಸಿ ನೋಡಿದರೆ ಹಳೆಯ ಚಿಪ್ಪಿನ ಗುರುತು ಸಿಗುತ್ತದೆ. ತಲೆ ಹಿಡಿದು ಮೆಲ್ಲಗೆ ಎಳೆಯಿರಿ. ಒಳಗಿನದೆಲ್ಲ ಒಟ್ಟಿಗೇ ಬರುತ್ತದೆ. ಬೆಳ್ಳಿಯ ಹಾಗೆ ಹೊಳೆಯುವ ಚಿಕ್ಕ ಚೀಲ ಕಂಡರೆ ಒಡೆಯಬೇಡಿ, ಅದು ಮಸಿ. ಆಮೇಲೆ ಖಾಲಿ ಚೀಲದಂಥ ಮೈಯೊಳಗೆ ಬೆರಳು ಹಾಕಿದರೆ ಬೆನ್ನಿನ ಉದ್ದಕ್ಕೂ ಪಾರದರ್ಶಕವಾದ ಒಂದು ಗರಿ ತಗಲುತ್ತದೆ. ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಕೊಂಡಿದೆ ಅಂತ ಮೊದಲ ಸಲ ನಾನು ಗಾಬರಿಯಾಗಿದ್ದೆ. ಅದೇ ಹಿಂದಿನ ಚಿಪ್ಪಿನಲ್ಲಿ ಉಳಿದಿರುವ ಭಾಗ. ಕಪ್ಪೆ ಬೊಂಡಾಸಿನಲ್ಲಿ ಇದೇ ಭಾಗ ದಪ್ಪಗೆ, ಬೆಳ್ಳಗೆ, ಸೀಮೆಸುಣ್ಣದ ಹಾಗಿರುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರ ನೊರೆ ಅಂತ ಕೊಡುವುದು ಇದನ್ನೇ. ಗಿಣಿ, ಲವ್ ಬರ್ಡ್ಸ್ ಪಂಜರಕ್ಕೆ ಕಟ್ಟುವುದೂ ಇದನ್ನೇ. ಚರ್ಮದ ಮೇಲೆ ಕಾಣುವ ನೇರಳೆ ಚುಕ್ಕಿಗಳು ಬಣ್ಣದ ಪುಟ್ಟ ಚೀಲಗಳು. ಬದುಕಿದ್ದಾಗ ಅವನ್ನು ಹಿಗ್ಗಿಸಿ ಕುಗ್ಗಿಸಿ ಕ್ಷಣದಲ್ಲಿ ಬಣ್ಣ ಬದಲಿಸುತ್ತದೆ.

ಒಂದೇ ಬೆಳೆಯ ಬದುಕು

ಇವುಗಳ ಬಗ್ಗೆ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳಬೇಕು ಅಂದರೆ ಅದು ಆಯಸ್ಸು. ನಾವು ತಿನ್ನುವ ಬೊಂಡಾಸ್‌ಗಳಲ್ಲಿ ಹೆಚ್ಚಿನವು ಬದುಕುವುದು ಒಂದು ವರ್ಷ, ಅಥವಾ ಅದಕ್ಕಿಂತ ಕಡಿಮೆ. ತಿಂದು ತಿಂದು ಬೆಳೆಯುತ್ತವೆ, ಮೊಟ್ಟೆ ಇಡುತ್ತವೆ, ಸಾಯುತ್ತವೆ. ತಾಯಿ ಆಕ್ಟೋಪಸ್ ಮೊಟ್ಟೆ ಕಾಯುತ್ತಾ ಊಟ ಬಿಟ್ಟು, ಮರಿಗಳು ಹೊರಬರುವ ಹೊತ್ತಿಗೆ ಪ್ರಾಣ ಬಿಡುತ್ತದೆ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ರೇಷ್ಮೆ ಚಿಟ್ಟೆಯೂ ಹೀಗೇ ಅಲ್ವಾ? ಗೂಡು ಸೀಳಿ ಹೊರಬಂದ ಮೇಲೆ ಏನೂ ತಿನ್ನುವುದಿಲ್ಲ. ನಾನೂರು ಐನೂರು ಮೊಟ್ಟೆ ಇಟ್ಟು ಕೆಲವೇ ದಿನದಲ್ಲಿ ಮುಗಿಯುತ್ತದೆ. ಮುಂದಿನ ಬೆಳೆ ಇರುವುದೆಲ್ಲ ಆ ಮೊಟ್ಟೆಯಲ್ಲೇ.

ಬೇರೆ ಮೀನುಗಳ ಕಥೆ ಹೀಗಿಲ್ಲ. ಅಂಜಲ್‌ನಂಥ ಮೀನು ಹಲವು ವರ್ಷ ಬದುಕುತ್ತದೆ. ಒಂದು ವರ್ಷ ಮರಿಗಳೆಲ್ಲ ಸತ್ತರೂ ಹಳೆಯ ತಲೆಗಳು ಉಳಿದಿರುತ್ತವೆ, ಮುಂದಿನ ವರ್ಷ ಮತ್ತೆ ಮೊಟ್ಟೆ ಇಡುತ್ತವೆ. ಅದು ಮಾವಿನ ತೋಪಿನ ಹಾಗೆ. ಒಂದು ವರ್ಷ ಫಸಲು ಕೈಕೊಟ್ಟರೂ ಮರ ನಿಂತಿರುತ್ತದೆ. ಬೊಂಡಾಸ್ ರಾಗಿ ಹೊಲದ ಹಾಗೆ. ಈ ವರ್ಷದ ಬೆಳೆಯಲ್ಲೇ ಮುಂದಿನ ವರ್ಷದ ಬಿತ್ತನೆ ಉಳಿಯಬೇಕು. ಉಳಿತಾಯ ಅನ್ನುವುದು ಇಲ್ಲ. ಅದಕ್ಕೇ ಒಂದು ವರ್ಷ ಬಲೆ ಹರಿಯುವಷ್ಟು ಸಿಕ್ಕಿ, ಮರುವರ್ಷ ದೋಣಿ ಖಾಲಿ ಬರುತ್ತದೆ.

ನೀರು ಮಾಡುವ ಕೆಲಸ

ಇವು ತಣ್ಣನೆ ರಕ್ತದ ಪ್ರಾಣಿಗಳು. ನೀರು ಎಷ್ಟು ಬೆಚ್ಚಗೋ ಮೈಯೂ ಅಷ್ಟೇ ಬೆಚ್ಚಗೆ. ಬೆಚ್ಚಗಿದ್ದರೆ ಮೊಟ್ಟೆ ಬೇಗ ಒಡೆಯುತ್ತದೆ, ಮರಿ ಬೇಗ ತಿನ್ನುತ್ತದೆ, ಬೇಗ ಬೆಳೆಯುತ್ತದೆ. ಚಳಿಗಾಲದಲ್ಲಿ ಹುಳು ಮನೆಗೆ ಒಲೆ ಇಡದಿದ್ದರೆ ರೇಷ್ಮೆ ಹುಳು ಪೊರೆ ಬಿಟ್ಟು ಜ್ವರ ಏಳುವುದು ತಡವಾಗಿ, ಹಣ್ಣಾಗಿ ಗೂಡಿಗೆ ಬರುವುದು ನಾಲ್ಕೈದು ದಿನ ಮುಂದೆ ಹೋಗುತ್ತದಲ್ಲ, ಅದೇ ಲೆಕ್ಕ.

ಆದರೆ ಚಿಕ್ಕ ವ್ಯತ್ಯಾಸ ಹೇಗೆ ದೊಡ್ಡದಾಗುತ್ತದೆ ಅನ್ನುವುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮರಿ ಬೊಂಡಾಸ್ ಮೊದಲ ತಿಂಗಳುಗಳಲ್ಲಿ ಚಕ್ರಬಡ್ಡಿಯ ಹಾಗೆ ಬೆಳೆಯುತ್ತದೆ. ಇವತ್ತಿನ ತೂಕದ ಮೇಲೆ ನಾಳೆಯ ಬಡ್ಡಿ. ಒಂದು ಮರಿ ದಿನಕ್ಕೆ ನೂರಕ್ಕೆ 6ರಂತೆ ತೂಕ ಹೆಚ್ಚಿಸಿಕೊಂಡಿತು ಅನ್ನಿ. 90 ದಿನಕ್ಕೆ ಅದು ಹುಟ್ಟಿದಾಗಿನ ಸುಮಾರು 190 ಪಟ್ಟು ಆಗುತ್ತದೆ. ಇನ್ನೊಂದು ಮರಿ ಸ್ವಲ್ಪ ಬೆಚ್ಚನೆಯ ನೀರಿನಲ್ಲಿ ಹುಟ್ಟಿ ದಿನಕ್ಕೆ ನೂರಕ್ಕೆ 8ರಂತೆ ಬೆಳೆಯಿತು. ಅದೇ 90 ದಿನಕ್ಕೆ ಅದು ಸಾವಿರ ಪಟ್ಟು ದಾಟುತ್ತದೆ. ಬಡ್ಡಿಯಲ್ಲಿ ಎರಡೇ ರೂಪಾಯಿ ವ್ಯತ್ಯಾಸ, ತೂಕದಲ್ಲಿ ಐದು ಪಟ್ಟು ವ್ಯತ್ಯಾಸ. ಒಂದೇ ತಳಿಯ ಮರಿಗಳು, ಹುಟ್ಟಿದ ತಿಂಗಳು ಮಾತ್ರ ಬೇರೆ. ಇಂಥ ಎರಡನ್ನು ಪಕ್ಕಪಕ್ಕ ಐಸಿನ ಮೇಲಿಟ್ಟರೆ ಬೇರೆ ಬೇರೆ ಜಾತಿ ಅಂತಲೇ ನಾವು ಅಂದುಕೊಳ್ಳುತ್ತೇವೆ.

ಬೆಚ್ಚಗಿದ್ದಷ್ಟೂ ದೊಡ್ಡದಾಗುತ್ತದೆ ಅಂತಲೂ ಅಲ್ಲ. ಬಿಸಿ ಜಾಸ್ತಿಯಾಗಿ ಊಟ ಕಡಿಮೆಯಾದರೆ ಬೇಗ ಪ್ರಾಯಕ್ಕೆ ಬಂದು, ಚಿಕ್ಕದಾಗಿರುವಾಗಲೇ ಮೊಟ್ಟೆ ಇಟ್ಟು ಮುಗಿಸುತ್ತವೆ. ಇದಕ್ಕೆ ಬಲವಾದ ಉದಾಹರಣೆ ಪೆಸಿಫಿಕ್ ಸಾಗರದ ಹಂಬೋಲ್ಟ್ ಸ್ಕ್ವಿಡ್. ಆಳೆತ್ತರ ಬೆಳೆಯಬಲ್ಲ ಪ್ರಾಣಿ ಅದು. ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಒಂದು, ಒಂದೂವರೆ ವರ್ಷ ಬೆಳೆದು ದೊಡ್ಡದಾದ ಮೇಲೆ ಮೊಟ್ಟೆ ಇಡುತ್ತಿತ್ತು. 2009–10ರ ಎಲ್ ನಿನೋ ಬಂದು ನೀರು ಬೆಚ್ಚಗಾಗಿ, ಊಟ ಕಡಿಮೆಯಾಯಿತು. ಆಮೇಲೆ ಅಲ್ಲಿ ಸಿಕ್ಕ ಕೆಲವು ಸ್ಕ್ವಿಡ್‌ಗಳು ಆರೇ ತಿಂಗಳಿಗೆ, ತೀರಾ ಚಿಕ್ಕ ಗಾತ್ರದಲ್ಲೇ ಮೊಟ್ಟೆಗೆ ಬಂದಿದ್ದವು. ಅಷ್ಟು ಬೇಗ ಹೊಸ ತಳಿ ಹುಟ್ಟಲು ಸಾಧ್ಯವಿಲ್ಲ. ಅದೇ ಸ್ಕ್ವಿಡ್, ನೀರು ಬದಲಾದಾಗ ಬದುಕುವ ಕ್ರಮ ಬದಲಿಸಿಕೊಂಡಿತ್ತು.

ನಮ್ಮ ಅರಬ್ಬೀ ಸಮುದ್ರದಲ್ಲಿ ಈ ಬದಲಾವಣೆ ಪ್ರತಿ ವರ್ಷ ನಡೆಯುತ್ತದೆ. ಮುಂಗಾರಿನ ಗಾಳಿ ಕೇರಳ, ಕರ್ನಾಟಕದ ತೀರದಲ್ಲಿ ಮೇಲಿನ ನೀರನ್ನು ಕಡಲ ಕಡೆಗೆ ತಳ್ಳುತ್ತದೆ. ಜಾಗ ತುಂಬಲು ತಳದ ತಣ್ಣನೆ ನೀರು ಮೇಲೆ ಬರುತ್ತದೆ. ಅದರಲ್ಲಿ ಗೊಬ್ಬರದಂಥ ಪೋಷಕಾಂಶ ತುಂಬಿರುತ್ತದೆ. ಹಸಿರು ಪಾಚಿಯಂಥ ಸೂಕ್ಷ್ಮ ಜೀವಿ ಬೆಳೆಯುತ್ತದೆ, ಅದನ್ನು ತಿನ್ನುವ ಮರಿಮೀನು, ಸೀಗಡಿ ಬರುತ್ತವೆ, ಅವನ್ನು ತಿನ್ನಲು ಬೊಂಡಾಸ್ ಬರುತ್ತದೆ. ಜೊತೆಗೆ ಆ ತಳದ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದು ಜಾಸ್ತಿ ಮೇಲೆ ಬಂದರೆ ಪ್ರಾಣಿಗಳು ಜಾಗ ಬಿಟ್ಟು ಓಡುತ್ತವೆ. ಮಳೆಗೆ ಮುಂಚೆ ಹುಟ್ಟಿದ ಬೊಂಡಾಸ್ ಬೇರೆ ಥರ ಬೆಳೆಯುತ್ತದೆ, ಮಳೆ ನಿಂತ ಮೇಲೆ ಹುಟ್ಟಿದ್ದು ಬೇರೆ ಥರ. ನಮ್ಮ ಗಾಡಿಗೆ ಬರುವ ಬೆರಳುದ್ದ, ಗೇಣುದ್ದಗಳ ಕಥೆಯಲ್ಲಿ ದೊಡ್ಡ ಪಾಲು ಇದೇ.

ತಳಿ ಮಾಡುವ ಕೆಲಸ, ಮತ್ತು ಕೆರೆಯ ಕೋಡಿ

ಈಗ ತಳಿಯ ವಿಷಯ. ಪ್ರತಿ ಪ್ರಾಣಿಯ ಜೀವಕೋಶದಲ್ಲೂ ಡಿಎನ್ಎ ಎಂಬ ಉದ್ದನೆಯ ಬರಹ ಇರುತ್ತದೆ. ನಾಲ್ಕೇ ಅಕ್ಷರಗಳಲ್ಲಿ ಬರೆದದ್ದು. ಅದರಲ್ಲಿ ಒಂದೊಂದು ಕೆಲಸಕ್ಕೆ ಸೂಚನೆ ಕೊಡುವ ಒಂದೊಂದು ತುಂಡಿಗೆ ಜೀನ್ ಅನ್ನುತ್ತಾರೆ. ತಾಯಿ ತಂದೆಯಿಂದ ಮಗುವಿಗೆ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಎರಡು ಗುಂಪುಗಳು ಒಂದರೊಳಗೊಂದು ಕೂಡುತ್ತಿದ್ದರೆ ಆ ತಪ್ಪುಗಳೂ ಬೆರೆತುಹೋಗುತ್ತವೆ. ಕೂಡುವುದು ನಿಂತರೆ ಇವರ ತಪ್ಪು ಇವರಲ್ಲೇ, ಅವರದು ಅವರಲ್ಲೇ ಉಳಿದು, ಸಾವಿರಾರು ತಲೆಮಾರಿನಲ್ಲಿ ಎರಡು ತಳಿಯಾಗುತ್ತವೆ.

ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳನ್ನು ನೆನೆಸಿಕೊಳ್ಳಿ. ಒಂದರ ಕೆಳಗೆ ಒಂದು, ಸರಪಳಿಯ ಹಾಗೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರಿನ ಜೊತೆ ಮೀನೂ ಕೆಳಗಿನ ಕೆರೆಗೆ ಇಳಿಯುತ್ತದೆ. ಕೋಡಿ ಬೀಳದ ವರ್ಷಗಳಲ್ಲಿ ಆ ಕೆರೆಯ ಮೀನು ಆ ಕೆರೆಗೇ. 2021ರ ನವೆಂಬರ್ ಮಳೆಗೆ ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಕೋಡಿ ಹರಿದಾಗ ರಸ್ತೆ ಮೇಲೆ ಮೀನು ಹಿಡಿದದ್ದು ನಮ್ಮೂರಲ್ಲಿ ಎಲ್ಲರಿಗೂ ನೆನಪಿದೆ. ಕಡಲು ನೋಡಲು ಒಂದೇ ದೊಡ್ಡ ಕೆರೆ. ಆದರೆ ಪ್ರಾಣಿಗಳ ಪಾಲಿಗೆ ಅದರಲ್ಲೂ ಏರಿಗಳಿವೆ, ಕೋಡಿಗಳಿವೆ. ಆಳದ ಕಣಿವೆ, ಎದುರು ಹರಿವು, ಉಪ್ಪು ಕಡಿಮೆಯಾದ ನದೀಮುಖ, ಬಿಸಿ ನೀರಿನ ಪಟ್ಟಿ, ಇವೆಲ್ಲ ಏರಿಗಳು.

ಯಾರು ಏರಿ ದಾಟುತ್ತಾರೆ ಅನ್ನುವುದು ಹೆಚ್ಚಾಗಿ ಮೊಟ್ಟೆ, ಮರಿಯ ಮೇಲೆ ನಿಂತಿದೆ. ಆಳಸಮುದ್ರದ ಹಾರುವ ಸ್ಕ್ವಿಡ್‌ಗಳು ಲೋಳೆಯ ದೊಡ್ಡ ಚೆಂಡಿನಂತೆ ಮೊಟ್ಟೆ ಬಿಡುತ್ತವೆ. ಅದು ನೀರಿನಲ್ಲಿ ತೇಲಿ ಎಲ್ಲೆಲ್ಲೋ ಹೋಗುತ್ತದೆ. ನಮ್ಮ ತೀರದ ಬೊಂಡಾಸ್ ಬೆರಳಿನಂಥ ಲೋಳೆಯ ಕೊಳವೆಗಳಲ್ಲಿ ಮೊಟ್ಟೆಯಿಟ್ಟು ತಳಕ್ಕೆ ಅಂಟಿಸುತ್ತದೆ. ಕಪ್ಪೆ ಬೊಂಡಾಸಿನ ಮೊಟ್ಟೆ ದ್ರಾಕ್ಷಿ ಗೊಂಚಲಿನ ಹಾಗೆ ಕಡ್ಡಿಗೋ ಪಾಚಿಗೋ ಅಂಟಿಕೊಂಡಿರುತ್ತದೆ. ಆಕ್ಟೋಪಸ್‌ನಲ್ಲಿ ಎರಡೂ ಥರ ಇದೆ. ಸಾಮಾನ್ಯ ಆಕ್ಟೋಪಸ್ ಲಕ್ಷಕ್ಕೂ ಜಾಸ್ತಿ ಸಣ್ಣ ಮೊಟ್ಟೆ ಇಡುತ್ತದೆ, ಮರಿಗಳು ವಾರಗಟ್ಟಲೆ ನೀರಿನಲ್ಲಿ ತೇಲಾಡುತ್ತವೆ. ಮೆಕ್ಸಿಕೋದ ಯುಕಟಾನ್ ತೀರದ ಮಾಯಾ ಆಕ್ಟೋಪಸ್ ದೊಡ್ಡ ಮೊಟ್ಟೆ ಇಡುತ್ತದೆ, ಮರಿ ಹುಟ್ಟಿದ ಕೂಡಲೇ ತಳ ಹಿಡಿದು ನಡೆಯುತ್ತದೆ. ಹುಟ್ಟಿದ ಊರು ಬಿಟ್ಟು ಅದು ದೂರ ಹೋಗುವುದಿಲ್ಲ. ಪ್ರಪಂಚದಲ್ಲಿ ಅದು ಇರುವುದೂ ಅಲ್ಲೊಂದೇ ಕಡೆ.

ಯುರೋಪಿನ ಒಂದು ಬೊಂಡಾಸಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಬ್ರಿಟನ್, ಸ್ಪೇನ್, ಪೋರ್ಚುಗಲ್ ತೀರದ ಉದ್ದಕ್ಕೂ ಸಿಗುವ ಆ ಸ್ಕ್ವಿಡ್‌ನ ಜೀನ್ ಹೆಚ್ಚುಕಡಿಮೆ ಒಂದೇ. ಆದರೆ ದೂರದ ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳ ಸುತ್ತ ಸಿಗುವುದು ಸ್ಪಷ್ಟವಾಗಿ ಬೇರೆ. ನಡುವೆ ಆಳದ ಕಡಲು ಏರಿಯಾಗಿ ನಿಂತಿದೆ. ಇದಕ್ಕೆ ತದ್ವಿರುದ್ಧ ದೈತ್ಯ ಸ್ಕ್ವಿಡ್. ಪ್ರಪಂಚದ ಬೇರೆ ಬೇರೆ ಸಮುದ್ರಗಳಿಂದ 43 ಮಾದರಿ ತಂದು 2013ರಲ್ಲಿ ಹೋಲಿಸಿದಾಗ ವ್ಯತ್ಯಾಸವೇ ಇಲ್ಲ ಅನ್ನುವಷ್ಟು ಕಡಿಮೆ. ಇಡೀ ಭೂಮಿಗೆ ಒಂದೇ ಜಾತಿ.

ನೋಡಲು ಒಂದೇ, ಒಳಗೆ ಬೇರೆ

ಗಾಡಿಯವನು "ಎಲ್ಲಾ ಒಂದೇ" ಅಂದದ್ದು ಕೆಲವು ಸಲ ನಿಜವಲ್ಲ. ಈ ಪ್ರಾಣಿಗಳಿಗೆ ಗಟ್ಟಿ ಮೂಳೆ, ಹುರುಪೆ ಇಲ್ಲ. ಬಣ್ಣವೂ ಕ್ಷಣಕ್ಕೊಂದು. ಹಾಗಾಗಿ ಕಣ್ಣಿನಿಂದ ಜಾತಿ ಗುರುತಿಸುವುದು ಕಷ್ಟ. ಫೇರೋ ಕಟ್ಲ್‌ಫಿಶ್ ಎಂಬುದು ನಮ್ಮ ದೇಶದಿಂದ ರಫ್ತಾಗುವ ಮುಖ್ಯ ಕಪ್ಪೆ ಬೊಂಡಾಸ್. ಕೆಂಪು ಸಮುದ್ರದಿಂದ ಜಪಾನ್, ಆಸ್ಟ್ರೇಲಿಯಾದವರೆಗೆ ಅದಕ್ಕೆ ಒಂದೇ ಹೆಸರಿತ್ತು. ಡಿಎನ್ಎ ಓದಿದಾಗ ಅದರೊಳಗೆ ಐದು ಬೇರೆ ಬೇರೆ ಗುಂಪು ಸಿಕ್ಕಿತು. ಪ್ರಪಂಚದ ಎಲ್ಲ ಬೆಚ್ಚನೆ ಕಡಲುಗಳಲ್ಲೂ ಇದೆ ಅಂದುಕೊಂಡಿದ್ದ ಸಾಮಾನ್ಯ ಆಕ್ಟೋಪಸ್ ಕೂಡ ಹೀಗೇ ಒಡೆಯಿತು. ಚೀನಾ, ಜಪಾನ್ ಕಡೆಯದಕ್ಕೆ ಈಗ ಬೇರೆ ಜಾತಿಯ ಹೆಸರು, ಅಮೆರಿಕದ ಕಡೆಯದಕ್ಕೆ ಇನ್ನೊಂದು.

ತಳಿ ಮತ್ತು ನೀರು ಎರಡೂ ಒಟ್ಟಿಗೆ ಗೊಂದಲ ಮಾಡುವ ಪ್ರಾಣಿಯೊಂದು ನಮ್ಮ ಅರಬ್ಬೀ ಸಮುದ್ರದಲ್ಲೇ ಇದೆ. ನೇರಳೆ ಬೆನ್ನಿನ ಹಾರುವ ಸ್ಕ್ವಿಡ್. ಲಕ್ಷದ್ವೀಪದ ಸುತ್ತ ಇದನ್ನು ಮುಂದೆ ಹಿಡಿಯಬಹುದೇ ಎಂದು ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಅಧ್ಯಯನ ಮಾಡಿದ್ದಾರೆ. ಇದು ಮೂರು ಅಳತೆಯಲ್ಲಿ ಸಿಗುತ್ತದೆ. ಉತ್ತರ ಅರಬ್ಬೀ ಸಮುದ್ರದಲ್ಲಿ ಮೈಯೊಂದೇ ಎರಡು ಅಡಿ ಬರುವ ದೈತ್ಯ. ಎಲ್ಲ ಕಡೆ ಸಿಗುವ ಮಧ್ಯಮ. ಸಮಭಾಜಕದ ಹತ್ತಿರ ಗೇಣಿಗಿಂತ ಚಿಕ್ಕದಾದ ಕುಬ್ಜ. ಕುಬ್ಜಕ್ಕೆ ಬೆನ್ನಿನ ಮೇಲೆ ಬೆಳಕು ಬೀರುವ ಮಚ್ಚೆ ಇಲ್ಲ. ಜೀನ್ ನೋಡಿದರೆ ಈ ಕುಬ್ಜ ದೂರದ ಸಂಬಂಧಿ, ಬೇರೆ ಜಾತಿ ಅನ್ನುವಷ್ಟು. ದೈತ್ಯ ಮತ್ತು ಮಧ್ಯಮ ಮಾತ್ರ ಹತ್ತಿರದ ನೆಂಟರು. ಮೂರನ್ನೂ ಗಾತ್ರದ ಲೆಕ್ಕದಲ್ಲಿ ಸಾಲಾಗಿ ಇಟ್ಟವರಿಗೆ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ತಲೆಯೊಳಗಿನ ಕಲ್ಲು

ಹಾಗಾದರೆ ತಳಿಯೋ, ನೀರೋ ಎಂದು ಬೇರ್ಪಡಿಸುವುದು ಹೇಗೆ? ರೇಷ್ಮೆಯಲ್ಲಿ ಇದು ಸುಲಭ. ಮೈಸೂರು ತಳಿಯನ್ನೂ ದ್ವಿತಳಿಯನ್ನೂ ಒಂದೇ ಮನೆಯಲ್ಲಿ, ಒಂದೇ ತೋಟದ ಸೊಪ್ಪು ಹಾಕಿ ಸಾಕಿ. ಆಗಲೂ ಒಂದು ಹಳದಿ ಗೂಡು, ಇನ್ನೊಂದು ಬಿಳಿ ಗೂಡು ಕಟ್ಟಿದರೆ ಅದು ತಳಿಯ ಗುಣ. ಗೂಡಿನ ತೂಕ ಮಾತ್ರ ಬೆಳೆಯಿಂದ ಬೆಳೆಗೆ ಏರಿಳಿದರೆ ಅದು ಸೊಪ್ಪು, ಹವೆಯ ಗುಣ. ಬೊಂಡಾಸನ್ನು ಹೀಗೆ ತೊಟ್ಟಿಯಲ್ಲಿ ಸಾಕುವುದು ಬಹಳ ಕಷ್ಟ. ಅದಕ್ಕೆ ವಿಜ್ಞಾನಿಗಳು ಅದರ ಮೈಯಲ್ಲೇ ಇರುವ ದಾಖಲೆಗಳನ್ನು ಓದುತ್ತಾರೆ.

ಬೊಂಡಾಸಿನ ತಲೆಯಲ್ಲಿ, ಮಿದುಳಿನ ಕೆಳಗೆ, ಎರಡು ಪುಟ್ಟ ಸುಣ್ಣದ ಕಲ್ಲುಗಳಿವೆ. ಗಸಗಸೆ ಕಾಳಿನ ಲೆಕ್ಕದ ಗಾತ್ರ. ಮೇಲೆ ಕೆಳಗೆ ತಿಳಿಯಲು, ಈಜುವಾಗ ಸಮತೋಲಕ್ಕೆ ಅದು ಬೇಕು. ಆ ಕಲ್ಲಿನ ಮೇಲೆ ದಿನಕ್ಕೊಂದು ಉಂಗುರ ಕೂಡುತ್ತಾ ಹೋಗುತ್ತದೆ. ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ಎಷ್ಟು ದಿನದ ಪ್ರಾಣಿ, ಯಾವ ತಿಂಗಳಲ್ಲಿ ಹುಟ್ಟಿದ್ದು ಎಂದು ಗೊತ್ತಾಗುತ್ತದೆ. ಅಷ್ಟೇ ಅಲ್ಲ. ಕಲ್ಲು ಬೆಳೆಯುವಾಗ ನೀರಿನಲ್ಲಿದ್ದ ಸ್ಟ್ರಾನ್ಷಿಯಂ, ಬೇರಿಯಂನಂಥ ಧಾತುಗಳು ಅದರಲ್ಲಿ ಸೇರಿಕೊಳ್ಳುತ್ತವೆ. ಒಳಗಿನ ಉಂಗುರದಲ್ಲಿ ಹುಟ್ಟಿದ ಊರಿನ ನೀರು, ಹೊರಗಿನ ಉಂಗುರದಲ್ಲಿ ಸಿಕ್ಕಿಬಿದ್ದ ಜಾಗದ ನೀರು.

ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಕಡೆಯ ಮಕ್ಕಳ ಹಲ್ಲು. ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು ಕಡೆ ಆಳದ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆ ಉಳಿದುಬಿಡುತ್ತದೆ. ಆಮೇಲೆ ಎಲ್ಲಿಗೆ ಹೋಗಿ ನೆಲೆಸಿದರೂ ಚಿಕ್ಕಂದಿನಲ್ಲಿ ಯಾವ ನೀರು ಕುಡಿದರು ಅನ್ನುವುದು ಹಲ್ಲಿನಲ್ಲಿ ಬರೆದಿರುತ್ತದೆ. ಅಪ್ಪ ಅಮ್ಮನ ಬಗ್ಗೆ ಆ ಗೆರೆ ಏನೂ ಹೇಳುವುದಿಲ್ಲ. ನೀರಿನ ಬಗ್ಗೆ ಮಾತ್ರ ಹೇಳುತ್ತದೆ. ಬೊಂಡಾಸಿನ ಕಲ್ಲೂ ಹಾಗೇ.

ಅಪ್ಪ ಅಮ್ಮನ ಬಗ್ಗೆ ತಿಳಿಯಲು ಡಿಎನ್ಎ ಬೇಕು. ಮೈಯ ಒಂದು ಚೂರು ಮಾಂಸ ಸಾಕು. ತಾಯಿಯಿಂದ ಮಾತ್ರ ಬರುವ ಡಿಎನ್ಎಯ ಸುಮಾರು 650 ಅಕ್ಷರದ ಒಂದು ತುಂಡನ್ನು ಓದಿದರೆ ಜಾತಿ ಯಾವುದೆಂದು ಹೆಚ್ಚಿನ ಸಲ ಗೊತ್ತಾಗುತ್ತದೆ. ಹೋಟೆಲಿನ ಹುರಿದ ಉಂಗುರ ಯಾವ ಜಾತಿಯದು ಎಂದು ಕಂಡುಹಿಡಿಯುವುದೂ ಈ ಥರವೇ. ಒಂದೇ ಜಾತಿಯೊಳಗಿನ ಗುಂಪುಗಳನ್ನು ಬೇರ್ಪಡಿಸಲು ಇನ್ನೂ ಹೆಚ್ಚು ಕಡೆ, ಸಾವಿರಾರು ಜಾಗಗಳಲ್ಲಿ ಅಕ್ಷರ ಹೋಲಿಸಬೇಕಾಗುತ್ತದೆ.

ಮೂಲ ಬರಹ ತಿದ್ದದೆ ನಕಲು ತಿದ್ದುವುದು

ತಳಿ, ನೀರು ಎಂದು ಎರಡೇ ಭಾಗ ಮಾಡಿದೆವು. ಆದರೆ ಈ ಪ್ರಾಣಿಗಳಲ್ಲಿ ಎರಡರ ನಡುವೆ ಇನ್ನೊಂದು ದಾರಿ ಇದೆ. ನನಗಂತೂ ಈ ಇಡೀ ವಿಷಯದಲ್ಲಿ ಅತಿ ಬೆರಗು ಹುಟ್ಟಿಸಿದ್ದು ಇದೇ.

ಅಜ್ಜಿಯ ಹಳೆ ಪುಸ್ತಕದಲ್ಲಿ ಸಾರಿನ ಪುಡಿಯ ಅಳತೆ ಬರೆದಿದೆ ಅನ್ನಿ. ಪ್ರತಿ ಸಲ ಅದನ್ನು ಒಂದು ಚೀಟಿಗೆ ಬರೆದುಕೊಂಡು ಅಡುಗೆಮನೆಗೆ ಹೋಗುತ್ತೀರಿ. ಪುಸ್ತಕ ಡಿಎನ್ಎ, ಚೀಟಿ ಆರ್‌ಎನ್ಎ. ಹೆಚ್ಚಿನ ಪ್ರಾಣಿಗಳು ಚೀಟಿಯಲ್ಲಿ ಇರುವಂತೆ ಅಡುಗೆ ಮಾಡುತ್ತವೆ. ಆಕ್ಟೋಪಸ್, ಬೊಂಡಾಸ್‌ಗಳು ಚೀಟಿಯಲ್ಲಿ ಪೆನ್ಸಿಲ್ ಹಿಡಿದು ತಿದ್ದುತ್ತವೆ. ಚಳಿ ಇದೆ, ಮೆಣಸು ಸ್ವಲ್ಪ ಜಾಸ್ತಿ ಇರಲಿ ಅನ್ನುವ ಹಾಗೆ. ಪುಸ್ತಕ ಹಾಗೇ ಇರುತ್ತದೆ.

2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಯಾಲಿಫೋರ್ನಿಯಾದ 'ಎರಡು ಚುಕ್ಕಿ' ಎಂಬ ಜಾತಿಯ ಆಕ್ಟೋಪಸ್‌ಗಳಲ್ಲಿ ಕೆಲವನ್ನು 13 ಡಿಗ್ರಿ ನೀರಿನಲ್ಲಿ, ಕೆಲವನ್ನು 22 ಡಿಗ್ರಿ ನೀರಿನಲ್ಲಿ ಇಟ್ಟರು. ತಣ್ಣನೆ ನೀರಿನವು 20 ಸಾವಿರಕ್ಕೂ ಹೆಚ್ಚು ಕಡೆ ತಮ್ಮ ಚೀಟಿಯ ತಿದ್ದುಪಡಿ ಬದಲಿಸಿಕೊಂಡಿದ್ದವು. ಬಹುಪಾಲು ನರಮಂಡಲಕ್ಕೆ ಸಂಬಂಧಿಸಿದ್ದು. ಬದಲಾವಣೆ ಕೆಲವೇ ಗಂಟೆಗಳಲ್ಲಿ ಶುರುವಾಗಿ ಕೆಲವು ದಿನಗಳಲ್ಲಿ ಮುಗಿದಿತ್ತು. ಅಂದರೆ ಒಂದೇ ತಳಿ ಬೇರೆ ಬೇರೆ ನೀರಿನಲ್ಲಿ ಬೇರೆ ಬೇರೆ ಪ್ರೋಟೀನ್ ತಯಾರಿಸಬಲ್ಲದು. ಡಿಎನ್ಎ ಮಾತ್ರ ಓದಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಹತ್ತು ಮೀನು ದಾಟಿದರೆ ಸಾಕೇ?

ಮೀನುಗಾರಿಕೆಗೆ ಇದೆಲ್ಲ ಯಾಕೆ ಬೇಕು? ಹಿಡಿಯುವ ಲೆಕ್ಕವನ್ನು ಗುಂಪಿಗೊಂದರಂತೆ ಹಾಕಬೇಕು. ಈ ಗುಂಪಿಗೆ ಸ್ಟಾಕ್ ಅನ್ನುತ್ತಾರೆ. ಒಂದು ಗುಂಪು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿಲ್ಲದಿದ್ದರೆ ಲೆಕ್ಕವೇ ತಪ್ಪು.

ಇಲ್ಲಿ ಸುಲಭವಾಗಿ ಎಡವುವ ಒಂದು ಜಾಗ ಇದೆ. ಎರಡು ಕಡೆಯ ಬೊಂಡಾಸಿನ ಜೀನ್ ಒಂದೇ ಎಂದು ಬಂದರೆ, "ಸರಿ, ಒಂದೇ ಗುಂಪು, ಇಲ್ಲಿ ಖಾಲಿಯಾದರೆ ಅಲ್ಲಿಂದ ಬಂದು ತುಂಬುತ್ತದೆ" ಅನ್ನಿಸುತ್ತದೆ. ಮತ್ತೆ ಕೆರೆಗೆ ಬನ್ನಿ. ಪ್ರತಿ ವರ್ಷ ಕೋಡಿಯಲ್ಲಿ ಹತ್ತೇ ಹತ್ತು ಮೀನು ಮೇಲಿನ ಕೆರೆಯಿಂದ ಕೆಳಗೆ ಬಂದು ಮರಿ ಮಾಡಿದರೂ ಸಾಕು, ಎರಡು ಕೆರೆಯ ತಳಿ ಬೇರೆಯಾಗುವುದಿಲ್ಲ. ಬೆರಕೆ ಆಗುತ್ತಲೇ ಇರುತ್ತದೆ. ಆದರೆ ಕೆಳಗಿನ ಕೆರೆಯನ್ನು ಬಲೆ ಹಾಕಿ ಬರಿದು ಮಾಡಿದರೆ ಆ ಹತ್ತು ಮೀನು ಕೆರೆ ತುಂಬುತ್ತವೆಯೇ? ಜೀನ್‌ನ ಲೆಕ್ಕಕ್ಕೆ ಹತ್ತು ಸಾಕು, ಬಲೆಯ ಲೆಕ್ಕಕ್ಕೆ ಹತ್ತು ಸಾವಿರ ಬೇಕು. ಅದಕ್ಕೇ ಜೀನ್ ಬೇರೆ ಎಂದು ಸಿಕ್ಕರೆ ಅದು ಖಚಿತ ಎಚ್ಚರಿಕೆ. ಜೀನ್ ಒಂದೇ ಎಂದು ಸಿಕ್ಕರೆ ಅದು ಅಭಯವಲ್ಲ. ಆಗ ತಲೆಯ ಕಲ್ಲು, ಹುಟ್ಟಿದ ತಿಂಗಳು, ಮೊಟ್ಟೆ ಇಡುವ ಜಾಗ ಎಲ್ಲವನ್ನೂ ಸೇರಿಸಿ ನೋಡಬೇಕು.

ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಹೀಗೇ ಆಗಿದೆ. ಅಲ್ಲಿನ ಒಂದು ಚಿಕ್ಕ ಸ್ಕ್ವಿಡ್ ವರ್ಷಕ್ಕೆ ಎರಡು ತಂಡವಾಗಿ ಬರುತ್ತದೆ. ಒಂದು ಶರತ್ಕಾಲದಲ್ಲಿ ಮೊಟ್ಟೆ ಇಡುವುದು, ಇನ್ನೊಂದು ವಸಂತದಲ್ಲಿ. ಜೀನ್ ಹೋಲಿಸಿದರೆ ವ್ಯತ್ಯಾಸ ಸಿಗಲಿಲ್ಲ. ಆದರೂ ಮೀನು ಹಿಡಿಯುವ ಕಾಲವನ್ನು ಎರಡಾಗಿ ಮಾಡಿ, ತಂಡಕ್ಕೊಂದು ಲೆಕ್ಕ ಇಡುತ್ತಾರೆ. ಹಿಡಿಯುತ್ತಾ ಇರುವಾಗಲೇ ಕಡಲಲ್ಲಿ ಎಷ್ಟು ಉಳಿದಿದೆ ಎಂದು ಅಂದಾಜು ಮಾಡಿ, ಮೊಟ್ಟೆ ಇಡಲು 10 ಸಾವಿರ ಟನ್ ಉಳಿಯುವುದೇ ಅನುಮಾನ ಅನ್ನಿಸಿದರೆ ಮೀನುಗಾರಿಕೆ ಬಂದ್. ಒಂದೇ ವರ್ಷ ಬದುಕುವ ಪ್ರಾಣಿಗೆ ಹೋದ ವರ್ಷದ ಲೆಕ್ಕ ಕೆಲಸಕ್ಕೆ ಬರುವುದಿಲ್ಲ ಎಂದು ಅವರಿಗೆ ಗೊತ್ತು.

ಜಪಾನಿನ ಸುರುಮೆ ಎಂಬ ಹಾರುವ ಸ್ಕ್ವಿಡ್‌ಗೂ ಶರತ್ಕಾಲದ ತಂಡ, ಚಳಿಗಾಲದ ತಂಡ ಎಂದಿದೆ. 1980ರ ದಶಕದ ಕೊನೆಗೆ ಅಲ್ಲಿ ಕಡಲು ಬೆಚ್ಚಗಿನ ಹಂತಕ್ಕೆ ತಿರುಗಿದಾಗ ಮೊಟ್ಟೆ ಇಡಲು ಒಗ್ಗುವ ಜಾಗ ಹಿಗ್ಗಿ ಸಿಕ್ಕಾಪಟ್ಟೆ ಸ್ಕ್ವಿಡ್ ಸಿಕ್ಕಿತು. 2010ರ ದಶಕದ ಮಧ್ಯದಿಂದ ಅದು ತೀರಾ ಇಳಿಯಿತು.

ಕಡಲಿನ ಬಿತ್ತನೆ ಗೂಡು

ಇಷ್ಟನ್ನೂ ನಮ್ಮ ಬೀದಿಯ ಹಿರಿಯರಿಗೆ ಜಗಲಿ ಮೇಲೆ ಕೂತು ಹೇಳಿದೆ. ಅವರು ಪೂರ್ತಿ ಕೇಳಿ, "ಸರಿ, ಬಿತ್ತನೆ ಗೂಡು ಯಾರು ಇಟ್ಕೊಳ್ತಾರೆ ಅಲ್ಲಿ?" ಎಂದರು. ರೇಷ್ಮೆಯಲ್ಲಿ ಬಿತ್ತನೆಗೆಂದೇ ಊರುಗಳಿವೆ, ತಳಿ ಬೆರೆಯದಂತೆ ಕಾಯುವವರಿದ್ದಾರೆ, ಚಿಟ್ಟೆಯನ್ನು ಅರೆದು ರೋಗ ಇದೆಯಾ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಡಲಲ್ಲಿ ತಳಕ್ಕೆ ಅಂಟಿಸಿದ ಮೊಟ್ಟೆ ಬಿಟ್ಟರೆ ಬೇರೆ ಬಿತ್ತನೆ ಇಲ್ಲ.

ಆ ಮೊಟ್ಟೆಯ ವಿಷಯದಲ್ಲೇ ನಮ್ಮ ಕರಾವಳಿಯಲ್ಲಿ ಜಗಳ ನಡೆದಿದೆ. ಕಪ್ಪೆ ಬೊಂಡಾಸ್ ಮೊಟ್ಟೆ ಅಂಟಿಸಲು ಕಡ್ಡಿ, ಎಲೆ ಹುಡುಕುತ್ತದೆ ಎಂದು ಮೀನುಗಾರರಿಗೆ ಗೊತ್ತು. ತೆಂಗಿನ ಗೊನೆಯ ದಂಟು, ಗರಿಗಳನ್ನು ಕಟ್ಟಿ, ಮರಳು ಚೀಲದ ಭಾರ ಹಾಕಿ ಕಡಲ ತಳಕ್ಕೆ ಇಳಿಸುತ್ತಾರೆ. ಕೆಲವು ದಿನ ಬಿಟ್ಟು ಬಂದರೆ ಮೊಟ್ಟೆ ಇಡಲು ಬಂದ ದೊಡ್ಡ ದೊಡ್ಡ ಕಪ್ಪೆ ಬೊಂಡಾಸ್ ಗಾಳಕ್ಕೆ ಸಿಗುತ್ತವೆ. ಒಳ್ಳೆಯ ತೂಕ, ಒಳ್ಳೆಯ ಬೆಲೆ. ಆದರೆ ಸಿಗುವುದು ಮೊಟ್ಟೆ ತುಂಬಿದ ತಾಯಂದಿರು. ಆ ದಂಟು ಕಡಲ ತಳ ಗೋರುವ ಟ್ರಾಲ್ ಬಲೆಗೆ ಸಿಕ್ಕಿ ಮೇಲೆ ಬಂದರೆ ಅಂಟಿದ ಮೊಟ್ಟೆಯೂ ಹಾಳು. ಈ ಜಾತಿಯೊಳಗೆ ಗುಂಪುಗಳು ಬೇರೆ ಬೇರೆ ಇವೆ ಎಂದು ಮೇಲೆ ನೋಡಿದೆವಲ್ಲ. ಒಂದು ತೀರದ ತಾಯಂದಿರನ್ನು ಹೀಗೆ ಹಿಡಿದು ಮುಗಿಸಿದರೆ ದೂರದ ತೀರದಿಂದ ಬಂದು ತುಂಬುತ್ತದೆ ಎಂದು ಕಾಯುವ ಹಾಗಿಲ್ಲ.

ಪಶ್ಚಿಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಪೂರ್ವ ಕರಾವಳಿಯಲ್ಲಿ ಅದು ಏಪ್ರಿಲ್ 15ರಿಂದ ಜೂನ್ 14. ನಮ್ಮ ಗಾಡಿಯವನು ಜೂನ್ ಮಧ್ಯದ ನಂತರ ಚೆನ್ನೈ ಬೊಂಡಾಸ್ ತರುವುದು, ಆಗಸ್ಟ್‌ನಲ್ಲಿ ಮತ್ತೆ ಮಂಗಳೂರಿನದು ತರುವುದು ಈ ಲೆಕ್ಕದಲ್ಲೇ. ಬಂಗಾಳ ಕೊಲ್ಲಿಯ ನೀರು ಬೇರೆ, ಅರಬ್ಬೀ ಸಮುದ್ರದ ನೀರು ಬೇರೆ. ಅಳತೆ ಬದಲಾಗುವುದಕ್ಕೆ ಇದೂ ಒಂದು ಕಾರಣ.

ಬಂದರುಗಳಲ್ಲಿ ಬುಟ್ಟಿ ಇಳಿಯುವಾಗ ಸ್ಕೇಲ್ ಹಿಡಿದು ಬೊಂಡಾಸಿನ ಮೈ ಉದ್ದ ಅಳೆದು ಬರೆದುಕೊಳ್ಳುವವರು ಇರುತ್ತಾರೆ. ಬೇಕಾದಾಗ ಒಂದೆರಡನ್ನು ಪಕ್ಕಕ್ಕೆ ಇಟ್ಟು, ತಲೆ ಸೀಳಿ ಗಸಗಸೆಯಂಥ ಆ ಕಲ್ಲನ್ನು ಚಿಮುಟದಿಂದ ತೆಗೆಯುತ್ತಾರೆ. ಮೈಯಿಂದ ಕಡಲೆಬೇಳೆಯಷ್ಟು ಮಾಂಸ ಕತ್ತರಿಸಿ ಸ್ಪಿರಿಟ್ ತುಂಬಿದ ಪುಟ್ಟ ಸೀಸೆಗೆ ಹಾಕುತ್ತಾರೆ. ಸೀಸೆಯ ಮೇಲೆ ತಾರೀಕು, ಬಂದರಿನ ಹೆಸರು. ಕಲ್ಲು ನೀರಿನ ಕಥೆಗೆ, ಮಾಂಸದ ಚೂರು ತಳಿಯ ಕಥೆಗೆ.